ಮೊಂಡಾಗುತ್ತಿದ್ದ ವಿ-ಬಿಟ್‌ಗಳು

ಈ ಬಿಟ್ ಕೂಡ ಮೊಂಡಾಗಿತ್ತು. ಸೋಮವಾರ ಹೊಸದಾಗಿ ಹಾಕಿದ್ದು; ಇವತ್ತಿನ್ನೂ ಗುರುವಾರ.

ಗುಮಾಸ್ತ ಅದನ್ನು ಭೂತಗನ್ನಡಿಯ ಕೆಳಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಹಲಗೆಯ ಮೇಲೆ ಅಕ್ಷರ ಕೊರೆಯುವ ವಿ-ಬಿಟ್ ಅದು. ಸೂಜಿಯಂತೆ ಇರಬೇಕಾದ ತುದಿ ಸವೆದು ಬೋಳಾಗಿತ್ತು. ಗುಂಡಿ ಒತ್ತಿದರೆ ತಾನೇ ಅಕ್ಷರ ಕೊರೆಯುವ ಅವನ ಪುಟ್ಟ ಕೆತ್ತನೆ ಯಂತ್ರ ಓಡುವುದೇ ದಿನಕ್ಕೊಂದು ಗಂಟೆ, ಅದೂ ಕಚೇರಿಯಿಂದ ಬಂದ ಮೇಲೆ. ಅಷ್ಟಕ್ಕೇ ಬಿಟ್ ಹೀಗಾಗುತ್ತದೆಯೇ? ತಿಂಗಳಲ್ಲಿ ಇದು ಐದನೆಯದು. ಯಾರದೋ ಕೈವಾಡವಿದೆ ಎಂದು ಅವನಿಗೆ ಖಾತ್ರಿಯಾಯಿತು. ಯಾರದೆಂಬುದೂ ಗೊತ್ತಿತ್ತು.

ಯಂತ್ರವಿದ್ದದ್ದು ಮನೆಯ ಹಿಂದಿನ ಕೋಣೆಯಲ್ಲಿ. ಅತ್ತೆ ಬಂದು ಇವರ ಜೊತೆ ಇರತೊಡಗಿದ ದಿನದಿಂದ ಆ ಕೋಣೆಯ ಮೇಲೆ ಕಣ್ಣಿಟ್ಟಿದ್ದರು. ಮೂವತ್ತು ವರ್ಷ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸಿದವರು. ಅಕ್ಷರದ ವಿಷಯದಲ್ಲಿ ಇನ್ನೊಬ್ಬರ ಕೆಲಸ ಅವರಿಗೆ ಹಿಡಿಸುವುದು ಅಷ್ಟರಲ್ಲೇ ಇತ್ತು. ಅಳಿಯ ಮೊದಲ ನಾಮಫಲಕ ಕೊರೆದು ಕರೆದು ತೋರಿಸಿದಾಗ, "ಇದೇನು, ಅಕ್ಷರಕ್ಕೆಲ್ಲ ಗಡ್ಡ ಬಂದಿದೆ?" ಎಂದು ಮೂಗು ಮುರಿದಿದ್ದರು.

ಗಡ್ಡ ಇದ್ದದ್ದು ನಿಜ. ಅಕ್ಷರದ ಅಂಚಿನ ತುಂಬ ಮರದ ಜುಂಗು. ಆದರೆ ಮರುದಿನ ಸಂಜೆ ಅವನು ಬಂದು ನೋಡಿದರೆ ಒಂದೆಳೆಯೂ ಇರಲಿಲ್ಲ! ಗುಮಾಸ್ತನಿಗೆ ಅಂದು ಒಂದು ಮಹಾಸತ್ಯ ಹೊಳೆಯಿತು: ಹಲಗೆಯನ್ನು ಯಂತ್ರದಿಂದ ಬಿಚ್ಚದೆ ಒಂದು ದಿನ ಹಾಗೇ ಬಿಟ್ಟರೆ ಮರ ಒಣಗಿ ಜುಂಗೆಲ್ಲ ತಾನಾಗಿ ಉದುರುತ್ತದೆ. ಅದೂ ಸೇರಿ ಈವರೆಗೆ ಹನ್ನೊಂದು ಫಲಕ ಮುಗಿಸಿದ್ದ. ಬೀದಿಯ ಡಾಕ್ಟರು, ದರ್ಜಿ, ಎಲ್ಲರ ಬಾಗಿಲಲ್ಲೂ ಅವನ ಕೈಚಳಕವೇ. ಹೊಗಳಿಕೆ ಕೇಳಿ ಕೇಳಿ ಅವನು ಒಂದು ಸುತ್ತು ದಪ್ಪಗಾಗಿದ್ದ.

ಮನೆಯೊಳಗೆ ಮಾತ್ರ ಕೋಣೆಯ ಜಗಳ ಮುಗಿಯಲಿಲ್ಲ. ಕಳೆದ ವಾರ ಹೆಂಡತಿಗೆ ಸಾಕಾಗಿಹೋಯಿತು.

"ನೋಡಿ, ಭಾನುವಾರ ವಾಚನಾಲಯದವರು ಫಲಕ ನೋಡೋಕೆ ಬರ್ತಾರಲ್ಲ, ಅವರು ಒಪ್ಪಿದರೆ ಯಂತ್ರ ಇರಲಿ. ಒಪ್ಪದಿದ್ದರೆ ಮಾರಿಬಿಡೋಣ. ಏನಮ್ಮಾ?"

"ನನಗೆ ಆ ಕೋಣೆ ಬೇಕು. ಅಷ್ಟೇ," ಎಂದು ಅತ್ತೆ ಎದ್ದು ಹೋಗಿದ್ದರು.

ಫಲಕ ಕೆಟ್ಟರೆ ಯಾರಿಗೆ ಲಾಭ? ಇದನ್ನು ತಿಳಿಯಲು ಪತ್ತೇದಾರ ಬೇಕಿರಲಿಲ್ಲ.

ಗುಮಾಸ್ತ ಮೊಂಡು ಬಿಟ್ ಜೇಬಿಗಿಳಿಸಿಕೊಂಡು ಸೀದಾ ಹಾರ್ಡ್‌ವೇರ್ ಅಂಗಡಿಗೆ ನಡೆದ. "ಇದು ಮೂರು ಗಂಟೆ ಓಡಿದ್ದಕ್ಕೇ ಮೊಂಡಾಯ್ತು. ಇಂಥದ್ದೇ ಕೊಡಿ. ಅರವತ್ತು ಡಿಗ್ರಿ. ಇರೋದರಲ್ಲಿ ಅಗ್ಗದ್ದು."

ಅಂಗಡಿಯವನು ಎರಡು ಡಬ್ಬಿ ಮುಂದಿಟ್ಟ. "ಹತ್ತರ ಡಬ್ಬಿ ಅಗ್ಗ ಸರ್, ಆದರೆ ಹತ್ತೂ ಒಂದೇ ಥರ ಇರಲ್ಲ. ಇದು ಒಂಟಿ, ರೇಟು ಜಾಸ್ತಿ, ತುದಿ ಚೆನ್ನಾಗಿ ಬಾಳುತ್ತೆ. ಅಗ್ಗದ್ದರಲ್ಲಿ ಜುಂಗು ಬಂದೇ ಬರುತ್ತೆ. ಅದೇ ಗೆರೆ ಮೇಲೆ ಇನ್ನೊಂದು ಸಲ ಓಡಿಸಬೇಕಾಗುತ್ತೆ."

"ಅದೆಲ್ಲ ಬೇಡ. ಒಂದು ದಿನ ಬಿಟ್ಟರೆ ತಾನಾಗಿ ಉದುರುತ್ತೆ," ಎಂದ ಗುಮಾಸ್ತ, ತಿಳಿದವರ ಗತ್ತಿನಲ್ಲಿ.

"ಎಲ್ಲಿಯ ಮರ ಸರ್ ಅದು? ನನಗೂ ಒಂದೆರಡು ಹಲಗೆ ಕೊಡಿಸಿ," ಎಂದ ಅಂಗಡಿಯವನು. ಹಳೆಯ ಬಿಟ್ ನೋಡಿ ನಕ್ಕ. "ಮೂರು ಗಂಟೆಗೇ ಹೀಗಾಯ್ತಾ? ಮನೇಲಿ ಯಾರಾದರೂ ಕಲ್ಲಿಗೆ ಉಜ್ತಾರಾ?"

ಗುಮಾಸ್ತ ನಗಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮುಂದೆ ಅತ್ತೆ ಕುಕ್ಕರಗಾಲಲ್ಲಿ ಕೂತು ಬಿಟ್ ತೇಯುವ ದೃಶ್ಯ ಕಣ್ಣಿಗೆ ಕಟ್ಟಿತ್ತು. ಹೇಗೂ ಹಾಳಾಗುವುದಕ್ಕೆ ದುಬಾರಿಯದು ಯಾಕೆಂದು ಹತ್ತರ ಡಬ್ಬಿಯನ್ನೇ ಕೊಂಡ.

ಅಂದು ಸಂಜೆಯೇ ವಾಚನಾಲಯದ ಫಲಕ ಕೊರೆದ. ಜುಂಗು ಎಂದಿಗಿಂತ ಹೆಚ್ಚೇ ಎದ್ದಿತು. ಅವನು ತಲೆ ಕೆಡಿಸಿಕೊಳ್ಳಲಿಲ್ಲ; ಪದ್ಧತಿಯಂತೆ ಹಲಗೆಯನ್ನು ಬಿಚ್ಚದೆ, ದೀಪ ಆರಿಸಿ ಹೊರಬಂದ. ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ನಾಳೆ ಕಚೇರಿ ಇದೆ ತಾನೇ?"

"ಇದೆ ಅತ್ತೆ. ಸಂಜೆವರೆಗೂ," ಎಂದ. ಒಳಗೊಳಗೇ ಹಲ್ಲು ಕಡಿದ.

ಶುಕ್ರವಾರ ಮಧ್ಯಾಹ್ನ ಅರ್ಧ ದಿನದ ರಜೆ ಹಾಕಿ ಮನೆಗೆ ಬಂದ. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಚಪ್ಪಲಿಯನ್ನು ಕೈಯಲ್ಲೇ ಹಿಡಿದು, ಬೆಕ್ಕಿನ ಹೆಜ್ಜೆ ಇಡುತ್ತಾ ಹಜಾರ ದಾಟಿದ. ಹಿಂದಿನ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಯಂತ್ರ ಗುಂಯ್‌ಗುಡುತ್ತಿತ್ತು!

ಧಡಾರನೆ ಬಾಗಿಲು ತಳ್ಳಿದ. ಅತ್ತೆ ಅವನ ರಕ್ಷಣಾ ಕನ್ನಡಕ ಹಾಕಿಕೊಂಡು, ಸೆರಗು ಬಿಗಿದು ಸಿಕ್ಕಿಸಿಕೊಂಡು ನಿಂತಿದ್ದರು. ಬಿಟ್ ವಾಚನಾಲಯದ ಫಲಕದ ಮೇಲೆಯೇ ಓಡುತ್ತಿತ್ತು.

"ಅತ್ತೇ! ನನ್ನ ಫಲಕ ಹಾಳು ಮಾಡ್ತಿದ್ದೀರಾ!"

ಅತ್ತೆ ಬೆಚ್ಚಲಿಲ್ಲ. ತಾಳಿ ಎಂಬಂತೆ ಕೈ ತೋರಿಸಿದರು. ಕೊನೆಯ ಅಕ್ಷರ ಮುಗಿದು ಯಂತ್ರ ನಿಂತಿತು. ಅವರು ಬ್ರಷ್ ತೆಗೆದುಕೊಂಡು ಪುಡಿ ಸರಿಸಿದರು. ಅಕ್ಷರಗಳು ಚಾಕುವಿನಲ್ಲಿ ಕತ್ತರಿಸಿದಷ್ಟು ಚೊಕ್ಕವಾಗಿದ್ದವು.

"ನೀವು ಒತ್ತೋ ಗುಂಡೀನೇ ಇನ್ನೊಂದು ಸಲ ಒತ್ತೋದು. ಹನ್ನೊಂದಕ್ಕೂ ಹೀಗೇ ಮಾಡಿದ್ದೀನಿ. ನಿಮ್ಮ ಅಗ್ಗದ ಬಿಟ್‌ಗಳು ಎರಡೆರಡು ಸಲ ದುಡಿದು ಮೊಂಡಾಗ್ತವೆ, ಪಾಪ. ಅಂಥ ಅಕ್ಷರ ಬೀದಿಗೆ ಹೋಗೋದನ್ನ ನನ್ನಿಂದ ನೋಡೋಕಾಗಲ್ಲ."

ಗುಮಾಸ್ತ ಬಗ್ಗಿ ಅಕ್ಷರದ ಅಂಚನ್ನು ಬೆರಳಿನಿಂದ ಸವರಿ ನೋಡಿದ. ಅವನ ಮಹಾಸತ್ಯ ಮಣ್ಣು ಮುಕ್ಕಿತ್ತು. ನಾಚಿಕೆಯೂ ಆಯಿತು, ಈ ಹೆಂಗಸಿನ ಮೇಲೆ ಇದ್ದಕ್ಕಿದ್ದಂತೆ ಅಕ್ಕರೆಯೂ ಬಂತು. ಕೊನೆಗೆ ಕೇಳಿದ: "ಮತ್ತೆ ಯಂತ್ರ ತೊಲಗಲಿ ಅಂತ ಅಷ್ಟು ಜಗಳ ಮಾಡಿದಿರಲ್ಲ?"

"ಯಂತ್ರ ತೊಲಗಲಿ ಅಂತ ನಾನು ಯಾವತ್ತು ಅಂದೆ? ಅದು ಉಳೀಲಿ ಅಂತ ತಾನೇ ಈ ಫಲಕಕ್ಕೆ ಬೆಳಗಿಂದ ಒದ್ದಾಡ್ತಿರೋದು?"

ಅತ್ತೆ ಎರಡು ಸ್ಪ್ಯಾನರ್ ಹಿಡಿದು, ಚಕಚಕನೆ ಹಳೆಯ ಬಿಟ್ ಬಿಚ್ಚಿ ಹೊಸದನ್ನು ಬಿಗಿದರು. ಬಾಗಿಲ ಕಡೆ ಕೈ ತೋರಿಸಿದರು.

"ಕೋಣೆ ಖಾಲಿ ಮಾಡಬೇಕಾಗಿರೋದು ನೀವು, ಅಳಿಯಂದಿರೇ."