ತೂಕದ ಚೀಟಿ

ಚಪ್ಪಲಿ ಬಿಡುವ ಮೊದಲೇ ಶ್ರೀಜಾ ಕೈ ಚಾಚಿದಳು. "ಚೀಟಿ ಎಲ್ಲಿ, ಅತ್ತಿಗೆ?"

ಕೋಮಲಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದ ಆಸ್ಪತ್ರೆಯ ತೂಕದ ಚೀಟಿಯನ್ನು ತೆಗೆದುಕೊಟ್ಟಳು. ನಲವತ್ತೆರಡು ಕೆಜಿ ಆರುನೂರು ಗ್ರಾಂ. ಅದರ ಹಿಂದಿನ ಸಲಕ್ಕಿಂತ ಇನ್ನೂರು ಗ್ರಾಂ ಹೆಚ್ಚು.

ಶ್ರೀಜಾ ಅಜ್ಜಂಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ಕಾಗದದಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ ಎನ್ನುವುದು ಅವಳ ಹನ್ನೆರಡು ವರ್ಷದ ಸರ್ವಿಸಿನ ಸಾರ. ಇವತ್ತು ಮಾತ್ರ ಕಾಗದವೇ ಸುಳ್ಳು ಹೇಳುತ್ತಿದೆ ಅನ್ನಿಸಿತು. ಮಂಚದ ಮೇಲಿದ್ದ ತಾಯಿ ಭಾಗೀರಥಮ್ಮ "ಬಂದ್ಯಾ?" ಎಂದು ಕೈ ಎತ್ತಿದರೆ ಬಳೆಗಳೆಲ್ಲ ಮೊಣಕೈವರೆಗೆ ಜಾರಿದವು.

ಹೊಟ್ಟೆಯ ಕ್ಯಾನ್ಸರಿಗೆ ಔಷಧಿ ಶುರುವಾಗಿ ನಾಲ್ಕು ತಿಂಗಳು. ಹದಿನೈದು ದಿನಕ್ಕೊಮ್ಮೆ ಕಡೂರಿನಿಂದ ಶಿವಮೊಗ್ಗಕ್ಕೆ ಹೋಗಬೇಕು. ಮೊದಲು ತೂಕ, ಆ ತೂಕ ನೋಡಿ ಔಷಧಿಯ ಅಳತೆ. ಎರಡನೇ ಸಲಕ್ಕೇ ಎರಡು ಕೆಜಿ ಇಳಿದುಹೋಗಿತ್ತು. ಆವತ್ತು ಶ್ರೀಜಾ ಆಸ್ಪತ್ರೆಯ ಜನರೆಲ್ಲರ ಎದುರಿಗೆ, "ಅಮ್ಮನಿಗೆ ಹೊಟ್ಟೆಗೆ ಹಾಕ್ತೀರೋ ಇಲ್ವೋ?" ಎಂದು ಅತ್ತಿಗೆಯನ್ನು ಕೇಳಿಯೇಬಿಟ್ಟಿದ್ದಳು. ಗಾಲಿಕುರ್ಚಿಯಲ್ಲಿದ್ದ ಭಾಗೀರಥಮ್ಮ ಕಣ್ಣು ಮುಚ್ಚಿಕೊಂಡಿದ್ದರು. ಕೇಳಿದ್ದಕ್ಕೆ ಫಲ ಸಿಕ್ಕಿತು ಎಂದೇ ಶ್ರೀಜಾಳ ಲೆಕ್ಕ. ಅಲ್ಲಿಂದಾಚೆ ತೂಕ ಇಳಿದದ್ದೇ ಇಲ್ಲ.

ಆದರೆ ಅಮ್ಮ ಇಳಿಯುತ್ತಲೇ ಇದ್ದಳು. ಪ್ರತಿ ಸಲದ ಔಷಧಿಯೂ ಹಿಂದಿನದಕ್ಕಿಂತ ಹೆಚ್ಚು ಹಿಂಡುತ್ತಿತ್ತು. ಬಾಯಿ ತುಂಬ ಹುಣ್ಣು, ನೀರು ಕುಡಿದರೂ ವಾಂತಿ.

ಸಂಜೆ ಸೀರೆ ಬದಲಿಸುವಾಗ ತಾಯಿಯ ಸೊಂಟದ ಬಲಕ್ಕೆ ಕಪ್ಪುಗಟ್ಟಿದ ಕಲೆ ಕಂಡಿತು.

"ಇದೇನಮ್ಮ? ಯಾರಾದ್ರೂ ಹಿಡಿದು ಎಳೆದ್ರಾ?"

"ಎಲ್ಲೋ ತಗುಲಿರಬೇಕು, ಬಿಡು" ಎಂದು ಭಾಗೀರಥಮ್ಮ ಸೆರಗು ಎಳೆದುಕೊಂಡರು. ಅವರ ಕಣ್ಣು ಅಡುಗೆಮನೆಯ ಕಡೆ ಹೋಯಿತು. ಅದನ್ನು ಶ್ರೀಜಾ ಗಮನಿಸದೆ ಬಿಡಲಿಲ್ಲ.

ಅಡುಗೆಮನೆಯಲ್ಲಿ ಕೋಮಲಾ ಮುಕ್ಕಾಲು ಲೋಟ ಗಂಜಿಯನ್ನು ಬಾಗಿಲಿಗೆ ಬಂದ ಹಸುವಿನ ಬಕೆಟ್ಟಿಗೆ ಸುರಿಯುತ್ತಿದ್ದಳು.

"ಎರಡು ಗುಟುಕಿಗೇ ಸಾಕು ಅಂದ್ರು" ಎಂದಳು, ಕೇಳುವ ಮೊದಲೇ.

"ಮತ್ತೆ ತೂಕ ಹೇಗೆ ಏರ್ತಿದೆ?"

"ನನಗೂ ಅದೇ ಆಶ್ಚರ್ಯ, ಶ್ರೀಜಾ. ಏರ್ತಿದೆಯಲ್ಲ, ಅಷ್ಟು ಸಾಕು ನನಗೆ."

ಎಂಥ ಉತ್ತರ! ಶ್ರೀಜಾಳ ಮೈ ಉರಿಯಿತು. ಕೋಮಲಾಳ ಕಣ್ಣ ಕೆಳಗೂ ಕಪ್ಪು ಕಟ್ಟಿತ್ತು, ರವಿಕೆ ಹೆಗಲಿನಿಂದ ಜಾರುತ್ತಿತ್ತು. ತಪ್ಪು ಮಾಡಿದವರಿಗೆ ನಿದ್ದೆ ಎಲ್ಲಿಂದ ಬರಬೇಕು ಅಂದುಕೊಂಡಳು.

ಮನೆಯ ಮುಂಭಾಗದಲ್ಲೇ ಅಣ್ಣ ಸುದರ್ಶನನ ದಿನಸಿ ಅಂಗಡಿ. ಅವನು ಮೂಟೆಗಳ ಸಂದಿಯಲ್ಲಿ ಬಗ್ಗಿ ಏನನ್ನೋ ಹುಡುಕುತ್ತಿದ್ದ.

"ಹಳೇ ತಕ್ಕಡಿಯ ಬಟ್ಟು ಕಣೇ. ಬಾಗಿಲಿಗೆ ಆನಿಸಿ ಇಡ್ತಿದ್ದೆ. ಮೊದಲು ಒಂದು ಕೆಜಿದು ಹೋಯ್ತು, ಈ ತಿಂಗಳು ಎರಡು ಕೆಜಿದೂ ಇಲ್ಲ. ಆ ಕಬ್ಬಿಣ ಯಾರಿಗೆ ಬೇಕಾಗಿತ್ತೋ!"

ಶ್ರೀಜಾ ಬಾಗಿಲನ್ನು ನೋಡಿದಳು. ಅದರ ಆ ಕಡೆ ಅಮ್ಮನ ಮಂಚ. ಅಂಗಡಿಗೂ ಮನೆಗೂ ದಿನವೆಲ್ಲ ಓಡಾಡುವವಳು ಕೋಮಲಾ. ಶ್ರೀಜಾ ಕೈಗೆ ಸಾಕ್ಷಿ ಸಿಗಲಿ ಎಂದು ಕಾದಳು.

ಮರುದಿನ ಬೆಳಿಗ್ಗೆ ಶಿವಮೊಗ್ಗಕ್ಕೆ ಹೊರಟ ಕಾರು ತರೀಕೆರೆ ದಾಟುವಷ್ಟರಲ್ಲಿ ಭಾಗೀರಥಮ್ಮನಿಗೆ ಎರಡು ಸಲ ವಾಂತಿಯಾಯಿತು. ಕೋಮಲಾ ಬೋಗುಣಿ ಹಿಡಿದು, ಬಾಯಿ ಒರೆಸಿ, ಬೆನ್ನು ಸವರುತ್ತ ಕೂತಿದ್ದಳು. ಶ್ರೀಜಾಳ ಕಣ್ಣು ತಾಯಿಯ ಸೊಂಟದ ಮೇಲಿತ್ತು. ಅಲ್ಲಿ ಹಳೆಯ ಎಲೆಅಡಿಕೆ ಸಂಚಿ ಸಿಕ್ಕಿಸಿತ್ತು. ಡಾಕ್ಟರು ಎಲೆಅಡಿಕೆ ಬಿಡಿಸಿ ನಾಲ್ಕು ತಿಂಗಳಾಗಿದೆ. ಆದರೂ ಸಂಚಿ ಉಬ್ಬಿಕೊಂಡಿತ್ತು, ಬಲಗಡೆಗೆ, ಸರಿಯಾಗಿ ಆ ಕಪ್ಪು ಕಲೆಯ ಮೇಲೆ.

ಆಸ್ಪತ್ರೆಯಲ್ಲಿ ಹೆಸರು ಕೂಗಿದರು. ಕೋಮಲಾ ಅತ್ತೆಯನ್ನು ಎಬ್ಬಿಸಿ, ಸೊಂಟಕ್ಕೆ ಕೈ ಹಾಕಿ ತೂಕದ ಯಂತ್ರದ ಹತ್ತಿರ ನಡೆಸಿದಳು. ಜಾರುತ್ತಿದ್ದ ಸಂಚಿಯನ್ನು ಅವಳ ಬೆರಳು ಒಳಕ್ಕೆ ತಳ್ಳಿತು.

"ಕೈ ತೆಗೀರಿ ಅತ್ತಿಗೆ!"

ಶ್ರೀಜಾ ಹಾರಿಹೋಗಿ ಸಂಚಿಯನ್ನು ಹಿಡಿದೆಳೆದಳು. ದಾರ ಕಿತ್ತುಬಂತು. ಎರಡು ಕಬ್ಬಿಣದ ಬಟ್ಟುಗಳು ನೆಲಕ್ಕೆ ಬಿದ್ದ ಸದ್ದಿಗೆ ಸಾಲಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು.

ಭಾಗೀರಥಮ್ಮನನ್ನು ಹತ್ತಿಸಿದಾಗ ಯಂತ್ರ ತೋರಿಸಿದ್ದು ಮೂವತ್ತೊಂಬತ್ತು ಕೆಜಿ ನೂರು ಗ್ರಾಂ.

ಸದ್ದು ಕೇಳಿ ಹೊರಗೆ ಬಂದ ಡಾಕ್ಟರು ಬಟ್ಟುಗಳನ್ನೂ ಯಂತ್ರವನ್ನೂ ನೋಡಿದರು. "ಇಷ್ಟು ಇಳಿದಿದ್ದು ಗೊತ್ತಾಗಿದ್ದರೆ ಔಷಧಿ ಎಂದೋ ಕಡಿಮೆ ಮಾಡ್ತಿದ್ದೆವು. ಈ ಮೈ ತಡೆಯದಷ್ಟು ಕೊಟ್ಟಿದ್ದೇವಲ್ರೀ! ಜೀವಕ್ಕೇ ಕುತ್ತು ಬರ್ತಿತ್ತು. ಇವತ್ತು ಔಷಧಿ ಬೇಡ, ಮೊದಲು ರಕ್ತಪರೀಕ್ಷೆ ಆಗಲಿ."

"ಕೇಳಿಸ್ತಾ ಅತ್ತಿಗೆ?" ಶ್ರೀಜಾ ಕೂಗಿದಳು. "ಹೊಟ್ಟೆಗೆ ಹಾಕದೆ ಕಬ್ಬಿಣ ಕಟ್ಟಿ ಕಳಿಸಿದ್ರಲ್ಲ, ನಮ್ಮಮ್ಮ ಏನು ಪಾಪ ಮಾಡಿದ್ಲು ನಿಮಗೆ?"

ಕೋಮಲಾ ನೆಲದಲ್ಲೇ ಕುಸಿದು ಕೂತಿದ್ದಳು. ಒಂದು ಬಟ್ಟನ್ನು ಕೈಗೆತ್ತಿಕೊಂಡು, ಅದು ಏನೆಂದೇ ಗೊತ್ತಾಗದವಳಂತೆ ತಿರುಗಿಸಿ ನೋಡಿದಳು. ಆಮೇಲೆ ಅತ್ತೆಯ ಮುಖ ನೋಡಿ ಅಳತೊಡಗಿದಳು.

"ಅವಳಿಗೆ ಗೊತ್ತಿಲ್ಲ ಕಣೇ" ಎಂದರು ಭಾಗೀರಥಮ್ಮ. "ನಾನೇ ಇಟ್ಕೊಂಡೆ."

"ನೀನಾ? ಯಾಕಮ್ಮಾ? ಯಾಕೆ?"

ಭಾಗೀರಥಮ್ಮ ಯಂತ್ರದಿಂದ ನಿಧಾನವಾಗಿ ಇಳಿದು, ಸೊಸೆಯ ತಲೆಯ ಮೇಲೆ ಕೈಯಿಟ್ಟರು.

"ಚೀಟಿಲಿ ತೂಕ ಇಳಿದ್ರೆ ಮತ್ತೆ ಇಷ್ಟು ಜನರೆದುರಿಗೆ ಇವಳನ್ನ ಕೇಳ್ತಿದ್ಯಲ್ಲ ನೀನು, ಹೊಟ್ಟೆಗೆ ಹಾಕ್ತೀರೋ ಇಲ್ವೋ ಅಂತ."