ಹಿಂದಿನ ಸೀಟು

ರಸ್ತೆಗಳೆಲ್ಲ ನೀರಿನಡಿ ಸೇರಿದ ಮೇಲೆ ಜೋಳ ಬೀಸಿಸಿಕೊಂಡು ಬರಲಿಕ್ಕೂ ವಿಮಾನವೇ ಗತಿ. ಶಾವಂತ್ರೆವ್ವ ತನ್ನ ವಿಮಾನವನ್ನು ತಾನೇ ಮರದ ಪಟ್ಟಿಗಳನ್ನು ಅಂಟಿಸಿ ಕಟ್ಟಿದ್ದಳು. ತಪಾಸಣೆಗೆ ಬಂದ ನದಾಫ ಸಾಹೇಬರು ರೆಕ್ಕೆಗೆ ಕಿವಿಯಿಟ್ಟು, ಪಟ್ಟಿಗಳನ್ನು ಒಂದೊಂದಾಗಿ ಬೆರಳಿನಿಂದ ಬಡಿದು ನೋಡಿದರು; ಅಂಟು ಹಿಡಿಯದ ಪಟ್ಟಿಯ ಸಪ್ಪಳ ಟೊಳ್ಳಾಗಿರುತ್ತದೆ. ಎಡರೆಕ್ಕೆಯ ಮೂರನೇ ಪಟ್ಟಿ ಬಂದಾಗ ಅವಳು ಮುಖ ಬೇರೆಡೆ ತಿರುಗಿಸಿದಳು. ಸಾಹೇಬರು ಸರಿಯೆಂದು ತಲೆಯಾಡಿಸಿ ಮುಂದೆ ಹೋದರು.

ಮೊದಲ ಹಾರಾಟದಲ್ಲಿ ತಪಾಸಣೆ ಮಾಡಿದವರೇ ಹಿಂದಿನ ಸೀಟಿನಲ್ಲಿ ಕೂರಬೇಕೆಂಬುದು ಪದ್ಧತಿ. ಸಾಹೇಬರು ಹತ್ತಿ ಕೂತು, ಬೆಲ್ಟು ಬಿಗಿದು, "ನಡಿ ಯವ್ವಾ" ಎಂದರು.

ಮುಂದೆ ಕೂತಿದ್ದ ಅವಳ ಕೈ ಎಂಜಿನ್ನಿನ ಗುಂಡಿಯವರೆಗೆ ಹೋಗಿ ನಿಂತಿತು.

"ಇಳೀರಿ ಸಾಹೇಬ್ರ!" ಎಂದು ಹಿಂದೆ ತಿರುಗಿ ಕೂಗಿದಳು. "ಎಡಕಿನ ಮೂರನೇ ಪಟ್ಟಿ ಮಳಿಯಾಗ ಅಂಟಿಸೇನ್ರಿ, ಹಿಡದಿಲ್ಲ!"

ಸಾಹೇಬರು ಬೆಲ್ಟು ಬಿಚ್ಚಿ ಬೆವರು ಒರೆಸಿಕೊಂಡರು.

"ಬಡದ ಸಪ್ಪಳ ನನಗ ಕೇಳೋದು ನಿಂತು ಎರಡು ವರ್ಷಾತು ಯವ್ವಾ. ನಾ ಇಲ್ಲಿ ಕುಂತ ಮ್ಯಾಲ ಎಲ್ಲಾರೂ ತಮ್ಮ ತಪ್ಪು ತಾವಾ ಹೇಳ್ತಾರ. ಇಲ್ಲೀತನಕ ಹೇಳ್ಯಾರ."