ಹಳದಿ ಬಾಣಗಳ ದಾರಿ

ಹಳೆಯ ಸುಂಕದ ಕಚೇರಿಯ ಮುಂದೆ ಉಗ್ರಪ್ಪ ತಿರುಗಿ ನೋಡಿದ. ಕನ್ನಡಕದವನು ಹಿಂದೆ ನಿಂತಿದ್ದ.

ಬೆಳಿಗ್ಗೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಪೇಪರ್ ಓದುತ್ತಾ ಕೂತಿದ್ದವನು. ಮಧ್ಯೆ ಕಾಣೆಯಾಗಿದ್ದ. ಈಗ ಬೆನ್ನ ಹಿಂದೆ.

ತುರ್ತು ಪರಿಸ್ಥಿತಿ ಬಂದು ವರ್ಷ ಕಳೆದಿತ್ತು. ನಾಲ್ಕು ಜನ ಒಟ್ಟಿಗೆ ನಿಂತು ಮಾತಾಡಲು ಅಂಜುವ ಕಾಲ. ಆದರೂ ಆ ಬಂದರಿನ ಊರಿನ ಪುರಸಭೆ ಪ್ರವಾಸಿಗಳಿಗೆಂದು ಹೊಸ ಏರ್ಪಾಟು ಮಾಡಿತ್ತು. ಗೈಡ್ ಬೇಕಿಲ್ಲ. ಗೋಡೆಗಳ ಮೇಲೆ ಬಳಿದ ಹಳದಿ ಬಾಣಗಳನ್ನು ನೋಡಿಕೊಂಡು ನಡೆದರೆ ಸುಂಕದ ಕಚೇರಿ, ಮೆಣಸಿನ ಗೋದಾಮು, ಕೋಟೆ, ದೀಪಸ್ತಂಭ ಎಲ್ಲ ಕಂಡು ಕೊನೆಗೆ ಹಡಗುಗಳು ನಿಲ್ಲುವ ಹಳೆಯ ಧಕ್ಕೆ ಮುಟ್ಟಬಹುದು. ಒಂದೊಂದು ಜಾಗದಲ್ಲೂ ಅಲ್ಲಿಯ ಚರಿತ್ರೆ ಕೆತ್ತಿದ ಕಲ್ಲು. ಪರಸ್ಥಳದವನೊಬ್ಬ ಸಂದಿಗೊಂದಿ ಸುತ್ತಿದರೂ ಯಾರೂ ಯಾಕೆಂದು ಕೇಳದ ದಾರಿ.

ಉಗ್ರಪ್ಪನಿಗೂ ಅದನ್ನೇ ಹೇಳಿ ಕಳಿಸಿದ್ದರು. "ಊರು ನೋಡೋಕೆ ಬಂದೋನ ಥರ ನಡಿ. ಯಾರಿಗೂ ಹೆಸರು ಹೇಳ್ಬೇಡ. ಗುರುತು ಸಿಕ್ತೋ, ಕೆಲಸ ಕೆಟ್ಟಂಗೆ."

ಅವನು ಕಡೂರು ತಾಲ್ಲೂಕಿನ ಸಿಂಗಟಗೆರೆಯವನು. ಘಟ್ಟ ಇಳಿದು ಬಂದು ತಿಂಗಳೂ ಆಗಿರಲಿಲ್ಲ. ಅಲ್ಲಿಯವರೆಗೆ ಸಮುದ್ರವನ್ನೇ ಕಂಡಿರಲಿಲ್ಲ. ಚೌಕಳಿ ಅಂಗಿ, ಪಂಚೆ, ಮೋಟು ಕೂದಲು ಕಾಣದ ಹಾಗೆ ತಲೆಗೆ ಸುತ್ತಿದ ಟವೆಲ್. ಕಾಲಲ್ಲಿ ಹೊಸ ಚಪ್ಪಲಿ. ಬಹಳ ದಿನದ ಮೇಲೆ ಚಪ್ಪಲಿ ಮೆಟ್ಟಿದ್ದರಿಂದ ಹೆಬ್ಬೆರಳ ಸಂದು ಕಿತ್ತು ಉರಿಯುತ್ತಿತ್ತು.

ಗೋದಾಮಿನ ಬೀದಿಯ ಮೂಲೆಯಲ್ಲೊಂದು ಚಹಾದಂಗಡಿ. ಹಿಂದೆಯೇ ಬರುತ್ತಾನೋ ಪರೀಕ್ಷಿಸಿ ನೋಡೋಣವೆಂದು ನಿಂತ. ಕನ್ನಡಕದವನೂ ಬಂದು ಪಕ್ಕದ ಕಂಬಕ್ಕೆ ಒರಗಿದ.

"ಒಂದು ಟೀ ಕೊಡಿ ಕಣಮ್ಮ."

"ಘಟ್ಟದ ಮೇಲಿನವರಾ?" ಅಂಗಡಿಯಾಕೆ ನಕ್ಕಳು.

"ಹೂಂ, ಕಡೂರು ಕಡೆ," ಎಂದವನು ನಾಲಿಗೆ ಕಚ್ಚಿಕೊಂಡ. ಕಂಬದ ಬಳಿ ಇದ್ದವನು ಕತ್ತು ಎತ್ತಿ ನೋಡಿದ್ದ.

ಲೋಟ ಅರ್ಧಕ್ಕೇ ಇಟ್ಟು ಹೊರಟ. ತಿರುವಿನಲ್ಲಿ ಎದುರಿಗೇ ಒಬ್ಬ ಪೇದೆ. ಅವನ ಕಣ್ಣು ಉಗ್ರಪ್ಪನ ಮುಖದ ಮೇಲೆ ಬಿದ್ದು ಅಲ್ಲೇ ನಿಂತಿತು. ಹುಬ್ಬು ಮೇಲೇರಿತು. ಒಂದು ಹೆಜ್ಜೆ ಮುಂದಿಟ್ಟ. ಉಗ್ರಪ್ಪ ಸರಕ್ಕನೆ ಗೋಡೆಯ ಕಡೆ ತಿರುಗಿ ಕಲ್ಲಿನ ಮೇಲಿನ ಅಕ್ಷರಗಳನ್ನು ಓದತೊಡಗಿದ. ಒಂದಕ್ಷರವೂ ತಲೆಗೆ ಹತ್ತಲಿಲ್ಲ. ಬೂಟಿನ ಸದ್ದು ಅನುಮಾನಿಸಿತು, ಆಮೇಲೆ ದೂರವಾಯಿತು.

ಉಸಿರು ಬಿಟ್ಟು ತಿರುಗಿದರೆ, ಕನ್ನಡಕದವನು ಗೋದಾಮಿನ ಬಾಗಿಲ ಮರೆಯಿಂದ ಈಚೆ ಬರುತ್ತಿದ್ದ. ನಡೆದದ್ದನ್ನೆಲ್ಲ ಅವನು ನೋಡಿದ್ದ.

ಅಂಥವರ ಬಗ್ಗೆ ಉಗ್ರಪ್ಪನಿಗೆ ಹೇಳಿದ್ದ ಮಾತುಗಳು ಒಂದೊಂದಾಗಿ ನೆನಪಾದವು. ದಯೆ ದಾಕ್ಷಿಣ್ಯ ಇಲ್ಲದವರು. ಮೆತ್ತಗೆ ಮಾತಾಡುತ್ತಾರೆ. ಜೇಬಿನಲ್ಲಿ ಏನಿರುತ್ತದೋ ಹೇಳಲಾಗದು. ಊರಿನಲ್ಲಿ ಹೆಂಡತಿ ಓಬಮ್ಮ ತುಂಬು ಬಸುರಿ. ಇಲ್ಲೇನಾದರೂ ಆಗಿಬಿಟ್ಟರೆ ಅವಳಿಗೆ ಸುದ್ದಿ ಮುಟ್ಟಿಸುವವರು ಯಾರು?

ನಡಿಗೆ ಓಟವಾಯಿತು. ಹಗ್ಗ ಹೊಸೆಯುವವರ ಓಣಿ ಹೊಕ್ಕ. ಓಣಿ ಎರಡಾಗಿ ಒಡೆದಿತ್ತು. ಪಾಚಿ ಹಿಡಿದ ಗೋಡೆಯಲ್ಲಿ ಬಾಣವೇ ಕಾಣದು. ಎಡಕ್ಕೆ ಹೆಜ್ಜೆ ಎತ್ತುವಷ್ಟರಲ್ಲಿ ಬೆನ್ನ ಹಿಂದಿನಿಂದ ಮೆಲ್ಲನೆಯ ದನಿ ಬಂತು.

"ಬಲಕ್ಕೆ. ಬಾಣ ಬಲಕ್ಕಿದೆ."

ಕೂಗಿಕೊಳ್ಳಬಹುದಿತ್ತು. ಕೂಗಿದರೆ ಜನ ಸೇರುತ್ತಾರೆ, ಯಾರು ನೀನು ಅನ್ನುತ್ತಾರೆ, ಆಮೇಲೆ ಎಲ್ಲವೂ ಬಯಲು. ಬಾಯಿ ಕಟ್ಟಿಕೊಂಡು ಬಲಕ್ಕೇ ಓಡಿದ. ಕೋಟೆಯ ಬಾಗಿಲು ಹಿಂದಾಯಿತು. ದೀಪಸ್ತಂಭ ಹಿಂದಾಯಿತು. ಟವೆಲ್ ಎಲ್ಲೋ ಬಿದ್ದುಹೋಯಿತು. ಹಿಂದಿನ ಹೆಜ್ಜೆ ಮಾತ್ರ ಅವಸರವಿಲ್ಲದೆ ಬರುತ್ತಲೇ ಇತ್ತು.

ಕೊನೆಯ ಬಾಣ ಧಕ್ಕೆಯ ತುದಿಗೆ ತಂದು ನಿಲ್ಲಿಸಿತು. ಹಿಂದೊಮ್ಮೆ ಎಮ್ಮೆದೊಡ್ಡಿ ಕಾವಲಿನಲ್ಲಿ ಹೋರಿ ಅಟ್ಟಿಸಿಕೊಂಡು ಬಂದಾಗ ಹತ್ತಲು ಒಂದು ಮರವಾದರೂ ಇತ್ತು. ಇಲ್ಲಿ ಮೂರು ಕಡೆಯೂ ನೀರು. ಉಗ್ರಪ್ಪ ಹಡಗಿನ ಹಗ್ಗ ಬಿಗಿಯುವ ಮೋಟುಕಲ್ಲಿನ ಮೇಲೆ ಕುಸಿದ.

ಕನ್ನಡಕದವನು ಬಂದು ಪಕ್ಕದಲ್ಲೇ ಕೂತ. ಸಮುದ್ರ ನೋಡುತ್ತಾ ಕನ್ನಡಕ ತೆಗೆದು ಒರೆಸಿಕೊಂಡ.

"ನಮ್ಮ ಕಡೆಯೋರೇ ಆದ್ರಲ್ಲ. ನಾನು ಅಜ್ಜಂಪುರದೋನು. ಚನ್ನಬಸಪ್ಪ ಅಂತ. ಹೆಸರು ಕೇಳಿರ್ತೀರಿ."

ಕೇಳಿದ್ದ. ಆ ಹೆಸರು ಕೇಳಿಯೇ ಮೂರು ರಾತ್ರಿ ನಿದ್ದೆಗೆಟ್ಟಿದ್ದ.

"ಯಾಕಿಷ್ಟು ನಡುಗ್ತೀರಿ? ಮನೇಲಿ ಯಾರಿದ್ದಾರೆ?"

"ಹೆಂಡ್ತಿ... ದಿನ ತುಂಬೈತೆ." ಉಗ್ರಪ್ಪ ಅವನ ಕಡೆ ತಿರುಗಿದ. "ನನ್ನನ್ನ ಏನು ಮಾಡ್ತೀರಿ?"

ಚನ್ನಬಸಪ್ಪ ಎರಡೂ ಕೈಗಳನ್ನು ಜೋಡಿಸಿ ಅವನ ಮುಂದೆ ಚಾಚಿದ.

"ಅದನ್ನ ನಾನಲ್ವಾ ನಿಮ್ಮನ್ನ ಕೇಳ್ಬೇಕು? ಸರ್ಕಾರದ ವಿರುದ್ಧ ಕರಪತ್ರ ಹಂಚ್ತಾ ನನ್ನ ತಮ್ಮ ತೀರ್ಥಪ್ಪ ಸಿಕ್ಕಾಗ ಸ್ಟೇಷನ್‌ನಲ್ಲಿ ಕಾಲು ಮುರಿದು ಕಳಿಸಿದ್ರು. ಇವತ್ತಲ್ಲ ನಾಳೆ ನಾನೂ ಸಿಕ್ಕೇ ಸಿಗ್ತೀನಿ, ಓಡಿ ಓಡಿ ಸಾಕಾಯ್ತು. ಬೆಳಿಗ್ಗೆ ನೀವು ಮಫ್ತೀಲಿ ನನ್ನ ಹಿಂದೆ ಬಿದ್ದಾಗಲೇ ಗೊತ್ತಾಯ್ತು. ಆಮೇಲೆ ನಾನೇ ನಿಮ್ಮ ಹಿಂದೆ ಬಂದು ಎಂಥೋರು ಅಂತ ನೋಡ್ದೆ."

ಅವನ ದನಿ ಈಗ ಸ್ವಲ್ಪ ನಡುಗಿತು.

"ಇಷ್ಟು ಹೆದರೋ ಪೊಲೀಸ್ನೋರು ಹೊಡೆಯಲ್ಲ ಅನ್ನಿಸ್ತು. ಹಿಡ್ಕೊಳ್ಳಿ."